ಬೂತಾಯಿಯ ಬೆನ್ನು ಹತ್ತಿ: ಮಂಗಳೂರು ದಕ್ಕೆಯಿಂದ ಮಾಜಾಳಿವರೆಗೆ

ಮೀನಿನ ಸಂಶೋಧನೆ ಅಂದರೆ ಹಡಗು, ಡೈವಿಂಗ್, ನೀಲಿ ನೀರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ಕೆಲಸದ ಮುಕ್ಕಾಲು ಪಾಲು ನಡೆಯುವುದು ಮೀನು ಇಳಿಸುವ ದಕ್ಕೆಯ ಒದ್ದೆ ಸಿಮೆಂಟಿನ ಮೇಲೆ, ಬೆಳಗಿನ ಜಾವದಲ್ಲಿ, ಗಂಬೂಟು ಹಾಕಿಕೊಂಡು. ಕರ್ನಾಟಕದ 320 ಕಿ.ಮೀ. ಕರಾವಳಿಯ ಕೆಲವು ಬಂದರುಗಳಲ್ಲಿ ನಮ್ಮ ವಿದ್ಯಾರ್ಥಿಗಳು ಬೂತಾಯಿ (ಸಾರ್ಡೀನ್) ಮತ್ತು ಬಂಗುಡೆಯ (ಮ್ಯಾಕೆರೆಲ್) ಉದ್ದ ಅಳೆಯುತ್ತಾರೆ, ತೂಕ ಬರೆಯುತ್ತಾರೆ, ಹೊಟ್ಟೆ ಸೀಳಿ ನೋಡುತ್ತಾರೆ. ನಾನು ಮೇಲ್ವಿಚಾರಕ. ಅಂದರೆ ಅವರು ಬರೆದ ಹಾಳೆಗಳಲ್ಲಿ ನಂಬುವಂಥದ್ದು ಎಷ್ಟು ಅಂತ ನೋಡುವವನು.

ಈ ಎರಡು ಮೀನೂ ಒಂದು ಕಡೆ ನಿಲ್ಲುವಂಥವಲ್ಲ. ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೆ ಏಳುತ್ತದೆ. ಅದರ ಜೊತೆ ಬಂದ ಸತ್ವದಿಂದ ಕಣ್ಣಿಗೆ ಕಾಣದ ಪಾಚಿ ದಡದ ಹತ್ತಿರ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿನ್ನಲು ಮೀನಿನ ಗುಂಪು ಬರುತ್ತದೆ, ಹೋಗುತ್ತದೆ, ಒಂದೊಂದು ವರ್ಷ ಬರುವುದೇ ಇಲ್ಲ. ಎಲ್ಲಿಂದ ಎಲ್ಲಿಗೆ ಅನ್ನುವುದು ನಮ್ಮ ಪ್ರಶ್ನೆ. ಅಕ್ಟೋಬರಿನಲ್ಲಿ ಮಳೆ ಕಡಿಮೆಯಾದ ಮೇಲೆ ತೆಂಕಿನಿಂದ ಬಡಗಿಗೆ ಜೀಪಿನಲ್ಲಿ ಹೊರಟೆವು. ಜೊತೆಗೆ ಇಬ್ಬರು: ಗಂಗೊಳ್ಳಿಯ ಖಾರ್ವಿ ಮೀನುಗಾರರ ಮನೆಯ ಹುಡುಗಿ, ಮತ್ತು ಕಾಲೇಜಿಗೆ ಸೇರಿದ ಮೇಲೇ ಮೊದಲ ಸಲ ಸಮುದ್ರ ನೋಡಿದ ಗದಗದ ಹುಡುಗ.

ಮೊದಲ ದಿನ: ಮಂಗಳೂರು

ಬೆಳಿಗ್ಗೆ ಐದಕ್ಕೆ ದಕ್ಕೆ ಆಗಲೇ ಗಿಜಿಗುಡುತ್ತಿತ್ತು. ಅಳಿವೆಬಾಗಿಲಿನಿಂದ ಒಳಗೆ ಬಂದ ಬೋಟುಗಳು ಒಂದರ ಪಕ್ಕ ಒಂದು ಮೂರು ಸಾಲು ನಿಂತಿದ್ದವು. ಕಡೆಯ ಸಾಲಿನ ಬೋಟಿನ ಮೀನು ಮುಂದಿನ ಎರಡು ಬೋಟು ದಾಟಿ, ಕೈಯಿಂದ ಕೈಗೆ ಬುಟ್ಟಿಯಲ್ಲಿ ಇಳಿಯಬೇಕು. ಏಲಂ ಕೂಗುವವರ ಮಾತು ನನಗೆ ಇಷ್ಟು ವರ್ಷವಾದರೂ ಪೂರ್ತಿ ಅರ್ಥವಾಗುವುದಿಲ್ಲ. ತುಳು, ಮಲಯಾಳ, ಬ್ಯಾರಿ, ಹಿಂದಿ ಎಲ್ಲ ಒಟ್ಟೊಟ್ಟಿಗೆ.

ನಿಯಮ ಒಂದೇ. ಮೀನು ವಿಂಗಡಿಸುವ ಮೊದಲೇ ಮಾದರಿ ತೆಗೆಯಬೇಕು. ವಿಂಗಡಿಸಿದ ಮೇಲೆ ತೆಗೆದರೆ ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಆಗಿರುತ್ತದೆ, ಲೆಕ್ಕ ಓರೆಯಾಗುತ್ತದೆ. ಆದರೆ ವಿಂಗಡಿಸುವ ಮೊದಲು ಬುಟ್ಟಿಗೆ ಕೈ ಹಾಕಿದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಒಬ್ಬ ಅಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿಯೇಬಿಟ್ಟರು: "ಎಂತ ಸರ್, ಅಳತೆ ಮಾಡಿ ಮಾಡಿ ಮೀನನ್ನು ಬಿಸಿಲಲ್ಲಿ ಇಡ್ತೀರಲ್ಲ ಮಾರಾಯ್ರೆ, ಐಸ್ ನೀವು ಕೊಡ್ತೀರಾ?" ಗಂಗೊಳ್ಳಿ ಹುಡುಗಿ ಮಾತಾಡದೆ ಐಸ್ ಪುಡಿಯ ಒಂದು ಬಕೆಟ್ ತಂದು ಬುಟ್ಟಿಗೆ ಸುರಿದಳು. ಆಮೇಲೆ ಅಳತೆಗೆ ಯಾರೂ ಅಡ್ಡ ಬರಲಿಲ್ಲ.

ನಾನು ಹಿಂದಿನ ತಿಂಗಳ ಹಾಳೆಗಳನ್ನು ತಿರುವಿದೆ. ಉದ್ದ, ತೂಕ, ಬೋಟಿನ ಬಗೆ, ಬಲೆಯ ಕಣ್ಣಿನ ಅಳತೆ ಎಲ್ಲ ಸರಿಯಾಗಿತ್ತು. ಹಿಡಿದ ಜಾಗ ಅನ್ನುವಲ್ಲಿ ಮಾತ್ರ ಪ್ರತಿ ಸಾಲಿನಲ್ಲೂ "ಮಂಗಳೂರು" ಅಂತಲೇ ಇತ್ತು. ಎದುರಿಗೆ ನಿಂತಿದ್ದ ಟ್ರಾಲ್ ಬೋಟಿನ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು, ಕೇಳಿದೆ. ಹತ್ತು ದಿನದ ಕೆಳಗೆ ಹೊರಟವರು, ಕಣ್ಣೂರಿನ ಹೊರಗಡೆ ಬಲೆ ಎಳೆದು ಬಂದಿದ್ದರು. ಮೀನು ಕೇರಳದ ಎದುರಿನ ನೀರಿನದು, ಇಳಿದದ್ದು ಕರ್ನಾಟಕದಲ್ಲಿ, ತಿನ್ನುವವರು ಇನ್ನೆಲ್ಲೋ.

ಇದು ಸಣ್ಣ ವಿಷಯ ಅಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಎರಡು ವರ್ಷದಲ್ಲಿ ಮತ್ತೆ ಒಂದು ಲಕ್ಷ ಟನ್ ದಾಟಿತು. ಸಮುದ್ರ ಬಿಸಿಯಾದದ್ದು, ಎಲ್ ನಿನೋ, ಮರಿ ಹಿಡಿದದ್ದು ಅಂತ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಆದರೆ ಮೀನು ಸತ್ತು ಕಡಿಮೆಯಾಯಿತಾ, ಬಡಗಿಗೆ ಜಾರಿತಾ ಅಂತ ಬೇರೆ ಮಾಡಿ ಹೇಳಬೇಕಾದರೆ ಹಿಡಿದ ಜಾಗ ಗೊತ್ತಿರಲೇಬೇಕು. ಇಳಿಸಿದ ಜಾಗ ಬರೆದರೆ ನಾವು ಮೀನಿನ ಬದಲು ಬೋಟಿನ ವಲಸೆ ಬರೆದ ಹಾಗಾಯ್ತು.

ಎರಡನೇ ದಿನ: ಮಲ್ಪೆ

ಮಲ್ಪೆ ರಾಜ್ಯದ ಅತಿ ದೊಡ್ಡ ಮೀನುಗಾರಿಕೆ ಬಂದರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಇಲ್ಲಿ ಬಂದರೆ ಬೋಟಿನ ಕಾಡಿನೊಳಗೆ ನಡೆದ ಹಾಗಿರುತ್ತದೆ. ಈಗ ಅರ್ಧಕ್ಕರ್ಧ ಜಾಗ ಖಾಲಿ. ಆಳಸಮುದ್ರ ಬೋಟುಗಳು ರತ್ನಗಿರಿ ಕಡೆಗೆ ಹೋಗಿವೆ ಅಂದರು.

ಅಷ್ಟು ದೂರ ಹೋಗುತ್ತಾರೆ ಅನ್ನುವುದು ಒಳನಾಡಿನವರಿಗೆ ಗೊತ್ತಾದದ್ದು ಬಹುಶಃ ಸುವರ್ಣ ತ್ರಿಭುಜದಿಂದ. 2018ರ ಡಿಸೆಂಬರಿನಲ್ಲಿ ಏಳು ಜನರನ್ನು ಹೊತ್ತು ಮಲ್ಪೆಯಿಂದ ಹೊರಟ ಆ ಬೋಟು ತಿರುಗಿ ಬರಲಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು ಮಹಾರಾಷ್ಟ್ರದ ಮಾಲ್ವಣದ ಹೊರಗಿನ ಕಡಲಿನಲ್ಲಿ. ಇವತ್ತಿಗೂ ಇಲ್ಲಿ ಎಲ್ಲಿ ಹಿಡಿದಿರಿ ಅಂತ ಕೇಳುವಾಗ ದನಿ ತಗ್ಗಿಸಿ ಕೇಳಬೇಕು. ಗದಗದ ಹುಡುಗನಿಗೆ ಅದನ್ನು ಮೊದಲೇ ಹೇಳಿಟ್ಟಿದ್ದೆ.

ಮಧ್ಯಾಹ್ನ ಪರ್ಸಿನ್ ಬೋಟುಗಳು, ಅಂದರೆ ಮೀನಿನ ಗುಂಪಿನ ಸುತ್ತ ಬಲೆ ಸುತ್ತಿ ಹಿಡಿಯುವವು, ಬಂದವು. ಒಂದು ಬೋಟಿನ ಬೂತಾಯಿ ಎರಡು ಪಾಲಾಯಿತು. ಮೊದಲನೆಯದು ಬಾಕ್ಸಿಗೆ, ಐಸಿಗೆ, ಏಲಂಗೆ. ಎರಡನೆಯದು ನೇರ ಲಾರಿಗೆ, ಸಲಿಕೆಯಲ್ಲಿ. ಐಸೂ ಇಲ್ಲ, ಏಲಂ ಕೂಡ ಇಲ್ಲ. ಅದು ಫಿಶ್‌ಮೀಲ್ ಕಾರ್ಖಾನೆಯ ದಾರಿ. ಅಲ್ಲಿ ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಉಳಿದದ್ದನ್ನು ಪುಡಿ ಮಾಡಿ ಸಿಗಡಿ, ಕೋಳಿಗಳ ಆಹಾರಕ್ಕೆ ಕಳಿಸುತ್ತಾರೆ. ನಮ್ಮ ಹುಡುಗರು ಇಷ್ಟು ದಿನ ನಿಲ್ಲುತ್ತಿದ್ದದ್ದು ಏಲಂ ನಡೆಯುವ ಕಡೆ. ಲಾರಿ ನಿಲ್ಲುವುದು ಆ ತುದಿಯಲ್ಲಿ. ಸಣ್ಣ ಮೀನೆಲ್ಲ ಲಾರಿಗೆ ಹೋಗುವಾಗ ನಾವು ದೊಡ್ಡ ಮೀನು ಅಳೆದು, ಈ ವರ್ಷ ಗಾತ್ರ ಚೆನ್ನಾಗಿದೆ ಅಂತ ಬರೆದರೆ ಆ ವರದಿಯಿಂದ ಯಾರಿಗೆ ಲಾಭ?

ಹುಡುಗಿಯನ್ನು ಲಾರಿಯ ಹತ್ತಿರ ಕಳಿಸಿದೆ. ಡ್ರೈವರ್ ಮೊದಲು ಒಪ್ಪಲಿಲ್ಲ, ಫೋಟೋ ತೆಗೆಯುವುದಿಲ್ಲ ಅಂದ ಮೇಲೆ ಒಪ್ಪಿದ. ಅವಳು ತಂದ ಒಂದು ಚೀಲದಲ್ಲಿದ್ದ ಬೂತಾಯಿ ಏಲಂ ಬಾಕ್ಸಿನ ಬೂತಾಯಿಗಿಂತ ಎದ್ದು ಕಾಣುವಷ್ಟು ಚಿಕ್ಕವು. ಒಂದೇ ಬೋಟು, ಒಂದೇ ಬಲೆ, ಎರಡು ಹಾಳೆ.

ಮೂರನೇ ದಿನ: ಕಡಲಿನಲ್ಲಿ

ಪರ್ಸಿನ್ ಬೋಟಿನ ತಾಂಡೇಲರು ನನ್ನನ್ನೂ ಹುಡುಗನನ್ನೂ ಹತ್ತಿಸಿಕೊಳ್ಳಲು ಒಪ್ಪಿದರು. ಹುಡುಗಿಯ ವಿಷಯಕ್ಕೆ ಮಾತ್ರ ತಲೆ ಕೆರೆದುಕೊಂಡು, "ಹಾಗಲ್ಲ ಸರ್, ಹೆಂಗಸರನ್ನು ಕರೆದುಕೊಂಡು ಹೋಗುವ ಕ್ರಮ ಇಲ್ಲ" ಅಂದರು. ನನಗೆ ಸಿಟ್ಟು ಬಂತು. ಅವಳು ನಕ್ಕು, "ಬಿಡಿ ಸರ್, ನಮ್ಮಪ್ಪನೇ ನನ್ನ ದೋಣಿ ಹತ್ತಿಸಲ್ಲ. ನಾನು ಲಾರಿ ಕಾಯ್ತೇನೆ" ಅಂದಳು. ಕ್ರಮ ಇಲ್ಲ ಅನ್ನುವ ಆ ಮಾತು ಇನ್ನೆಷ್ಟು ದಿನ ನಡೆಯುತ್ತದೋ ನೋಡಬೇಕು. ನಮ್ಮ ತಂಡದಲ್ಲಿ ಅತಿ ಚೆನ್ನಾಗಿ ಮೀನು ಗುರುತಿಸುವವಳು ಅವಳೇ.

ಮೂರೂವರೆಗೆ ಬಂದರು ಬಿಟ್ಟೆವು. ಮೂವತ್ತರ ಹತ್ತಿರ ಜನ, ಅರ್ಧ ಜನ ಬಲೆಯ ರಾಶಿಯ ಮೇಲೇ ಮಲಗಿದ್ದರು. ಒಡಿಶಾ, ಜಾರ್ಖಂಡಿನ ಹುಡುಗರೂ ಇದ್ದರು. ಸೇಂಟ್ ಮೇರೀಸ್ ದ್ವೀಪ ಕತ್ತಲೆಯಲ್ಲಿ ಕಪ್ಪಗೆ ಹಿಂದೆ ಸರಿಯಿತು. ಗದಗದ ಹುಡುಗ ಬೆಳಕು ಹರಿಯುವ ಮೊದಲೇ ವಾಂತಿ ಶುರು ಮಾಡಿದ. ಯಾರೋ ಒಬ್ಬರು ನಿಂಬೆಹಣ್ಣು ಕೊಟ್ಟರು.

ಬೆಳಕಾದ ಮೇಲೆ ತಾಂಡೇಲರು ಕ್ಯಾಬಿನಿನ ಮೇಲೆ ಹತ್ತಿ ನಿಂತರು. ಬೋಟಿನಲ್ಲಿ ಫಿಶ್ ಫೈಂಡರ್ ಇದೆ, ಜಿಪಿಎಸ್ ಇದೆ, ಮೀನು ಸಿಗಬಹುದಾದ ಜಾಗದ ಬಗ್ಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಳಿಸುವ ಸೂಚನೆ ಮೊಬೈಲಿನಲ್ಲಿ ಇದೆ. ಆದರೂ ಕೊನೆಗೆ ನಂಬುವುದು ಕಣ್ಣನ್ನೇ. ನೀರಿನ ಮೇಲೆ ಬೇರೆ ಬಣ್ಣದ ನೆರಳು, ಸಣ್ಣ ಸುಕ್ಕು, ಧುಮುಕುವ ಹಕ್ಕಿ. ನನಗೆ ಏನೂ ಕಾಣಲಿಲ್ಲ. ಅವರು ಕೈ ಎತ್ತಿದರು, ಎಲ್ಲರೂ ಒಮ್ಮೆಲೇ ಎದ್ದರು.

ಬಲೆಯ ಒಂದು ತುದಿ ಹಿಡಿದ ಸಣ್ಣ ದೋಣಿ, ಡಿಂಗಿ, ನೀರಿಗೆ ಬಿತ್ತು. ಬೋಟು ಪೂರ್ತಿ ವೇಗದಲ್ಲಿ ಗುಂಪಿನ ಸುತ್ತ ಸುತ್ತಿತು, ಹಿಂದಿನಿಂದ ಬಲೆ ಸರಸರ ಇಳಿಯಿತು. ಎರಡು ತುದಿ ಕೂಡಿದ ಕೂಡಲೇ ವಿಂಚ್ ತಿರುಗಿಸಿ ಕೆಳಗಿನ ಹಗ್ಗ ಎಳೆಯಬೇಕು. ಬಲೆಯ ಅಡಿಯ ಬಳೆಗಳಲ್ಲಿ ಆ ಹಗ್ಗ ಓಡಿ ತಳ ಮುಚ್ಚುತ್ತದೆ. ಅಷ್ಟರೊಳಗೆ ಮೀನು ಅಡಿಯಿಂದ ಜಾರಿದರೆ ಮುಗಿಯಿತು. ಮೊದಲ ಸಲ ಹಾಗೇ ಆಯಿತು. ಅಷ್ಟೂ ಬಲೆ ಎಳೆದು ಸಿಕ್ಕಿದ್ದು ಬುಟ್ಟಿ ತುಂಬದಷ್ಟು ಮೀನು, ಒಂದು ರಾಶಿ ಲೋಳೆಮೀನು. ಕೈಗೆ ತಾಗಿದವರು ಒಂದು ಗಂಟೆ ತುರಿಸಿಕೊಂಡರು.

ಮುಂದಿನ ಸಲ ಬಲೆ ಹತ್ತಿರ ಬಂದಾಗ ನೀರು ಕುದಿಯತೊಡಗಿತು. ಬೂತಾಯಿ. ಉದುರಿದ ಹುರುಪೆ ನೀರಿನಲ್ಲೆಲ್ಲ ಮಿಂಚುತ್ತಿತ್ತು. ಹುಡುಗ ವಾಂತಿ ಮರೆತು ಹಲಗೆ ಹಿಡಿದು ಕೂತ. ಮೂತಿಯ ತುದಿಯನ್ನು ಹಲಗೆಯ ಅಡ್ಡಪಟ್ಟಿಗೆ ತಾಗಿಸು, ಬಾಲ ನೇರ ಮಾಡು, ಓದು, ಕೂಗು. ನಾನು ಬರೆದುಕೊಂಡೆ. ಹೆಚ್ಚಿನವು 11ರಿಂದ 13 ಸೆಂ.ಮೀ. ಈ ಮಳೆಗಾಲದಲ್ಲಿ ಹುಟ್ಟಿದವು. ಬೂತಾಯಿ ಬಲಿತು ಮೊಟ್ಟೆ ಕಟ್ಟುವುದು 15 ಸೆಂ.ಮೀ. ಆಸುಪಾಸಿನಲ್ಲಿ. ಅಂದರೆ ಇವು ಮುಂದಿನ ಮಳೆಗಾಲದ ತಾಯಂದಿರು.

ತಾಂಡೇಲರಿಗೂ ಇದು ಗೊತ್ತು. ಬಲೆ ಎತ್ತುವ ಮೊದಲು ವೈರ್‌ಲೆಸ್‌ನಲ್ಲಿ ದಕ್ಕೆಯ ದರ ಕೇಳಿದರು. ಈ ಗಾತ್ರಕ್ಕೆ ತಿನ್ನುವ ಮೀನಿನ ದರ ಸಿಗಲ್ಲ, ಫಿಶ್‌ಮೀಲ್ ದರವೇ. ಸ್ವಲ್ಪ ಹೊತ್ತು ಸುಮ್ನೆ ನಿಂತರು. ಅಷ್ಟರಲ್ಲಿ ಕಣ್ಣಳತೆಯಲ್ಲೇ ಇನ್ನೊಂದು ಬೋಟು ಸುತ್ತು ಹಾಕತೊಡಗಿತು. "ನಾನು ಬಿಟ್ಟರೆ ಅವ ಹಿಡೀತಾನೆ ಸರ್. ಡೀಸೆಲಿಗಾದರೂ ಆಗಬೇಕಲ್ಲ" ಅಂದರು. ಬಲೆ ಮೇಲೆ ಬಂತು.

ನಾನು ಏನೂ ಹೇಳಲಿಲ್ಲ. ಕೇರಳ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕನಿಷ್ಠ ಗಾತ್ರ ಅಂತ ಮಾಡಿದೆ. ಆ ಅಳತೆಯಲ್ಲಿ ನೋಡಿದರೂ ಇವತ್ತಿನ ಮೀನು ತಪ್ಪಲ್ಲ, ಅಲ್ವಾ? 10 ಸೆಂ.ಮೀ. ಗೆರೆ ತೀರಾ ಮರಿಯನ್ನು ಉಳಿಸುತ್ತದೆಯೇ ಹೊರತು ಒಮ್ಮೆಯಾದರೂ ಮೊಟ್ಟೆ ಇಡುವ ಅವಕಾಶ ಕೊಡುವುದಿಲ್ಲ. ಹಾಗಂತ 15ಕ್ಕೆ ಏರಿಸಿದರೆ ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಬೋಟು ಕಟ್ಟಿಹಾಕಬೇಕು. ಎರಡು ತಿಂಗಳ ನಿಷೇಧ ಮುಗಿಸಿ, ಸಾಲದ ಕಂತು ಹೊತ್ತು ಬಂದವರಿಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ? ನನ್ನ ಅನಿಸಿಕೆ ಕೇಳಿದರೆ, ಗೆರೆ ಎಳೆಯಬೇಕಾದದ್ದು ಸಣ್ಣ ಮೀನಿಗೆ ಬೆಲೆ ಕಟ್ಟುವ ಕಡೆ. ಲಾರಿ ನಿಲ್ಲದಿದ್ದರೆ ಆ ಬಲೆ ಇವತ್ತು ಮೇಲೆ ಬರುತ್ತಿರಲಿಲ್ಲ.

ಜಿಪಿಎಸ್ ಪರದೆಯ ಮೇಲಿನ ಅಂಕಿಯನ್ನು ಹಾಳೆಯಲ್ಲಿ ಬರೆದುಕೊಂಡೆ. ತಾಂಡೇಲರು, "ಅದನ್ನು ಬೇರೆ ಬೋಟಿನವರಿಗೆ ತೋರಿಸಬೇಡಿ ಮಾರಾಯ್ರೆ" ಅಂದರು. ಮಾತು ಕೊಟ್ಟೆ.

ನಾಲ್ಕನೇ ದಿನ: ಗಂಗೊಳ್ಳಿ, ಭಟ್ಕಳ

ಗಂಗೊಳ್ಳಿಯಲ್ಲಿ ಕೆಲಸ ಬೇಗ ಮುಗಿಯಿತು. ಬಂದರಿನಲ್ಲಿ ಮೀನು ಕಡಿಮೆ. ಹುಡುಗಿಯ ಮನೆಯಲ್ಲಿ ಊಟ. ತಾಯಿ, "ಸರ್, ಉಣ್ದೇ ಹೋಪುಕಿಲ್ಲ" ಅಂತ ಬಾಗಿಲಲ್ಲೇ ನಿಂತುಬಿಟ್ಟರು. ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ. ತಂದೆ ನಾಡದೋಣಿಯವರು. ಅವರು ನನ್ನ ಹಾಳೆಗಳನ್ನು ನೋಡಿ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ: "ನೀವ್ ಅಳ್ದ್ ಬರ್ಕಂಡ್ ಹೋತ್ರಿ. ಬೈಗೆ ಯಾವಾಗ್ ಬತ್ತ್ ಅಂದ್ ಹೇಳುಕಾತ್ತಾ?" ಅವರೂರಿನಲ್ಲಿ ಬೂತಾಯಿಗೆ ಬೈಗೆ ಅನ್ನುತ್ತಾರೆ. ಬರುವ ತಿಂಗಳ ಬಗ್ಗೆ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಬಾರದ ವರ್ಷವನ್ನು ಮೊದಲೇ ಹೇಳಲು ಆಗುತ್ತದಾ ಅನ್ನುವುದಕ್ಕೇ ನಾವು ಒದ್ದಾಡುತ್ತಿರುವುದು.

ಲೈಟ್ ಫಿಶಿಂಗ್ ವಿಷಯ ಬಂದಾಗ ಅವರ ದನಿ ಏರಿತು. ರಾತ್ರಿ ಜನರೇಟರ್ ಇಟ್ಟು, ದೊಡ್ಡ ದೀಪ ಉರಿಸಿ, ಮೀನನ್ನು ಒಂದೆಡೆ ಸೇರಿಸಿ ಬಳಿದುಕೊಂಡು ಹೋಗುವುದು. 2017ರ ನವೆಂಬರಿನಲ್ಲೇ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿದೆ. "ಕಾಗ್ದದಲ್ಲ್ ನಿಷೇಧ" ಅಂದು ಎಲೆ ಮಡಚಿದರು.

ಶಿರೂರು ದಾಟಿ ಭಟ್ಕಳಕ್ಕೆ ಹೋಗುವಾಗ ಹುಡುಗರಿಗೆ ಒಂದು ಹಳೇ ಕಥೆ ಹೇಳಿದೆ. 1940ರ ಹೊತ್ತಿಗೂ ಬೂತಾಯಿ ಹೀಗೇ ಕಾಣೆಯಾಗಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1943ರಲ್ಲಿ ಮದ್ರಾಸ್ ಸರ್ಕಾರ ಮರಿ ಬೂತಾಯಿ, ಮೊಟ್ಟೆ ಬೂತಾಯಿ ಹಿಡಿಯದಂತೆ ನಿರ್ಬಂಧ ಹಾಕಿತು, 1947ರಲ್ಲಿ ತೆಗೆಯಿತು. ಆದರೆ ಶಿರೂರಿನ ಆಚೆಯ ಉತ್ತರ ಕನ್ನಡ ಬೊಂಬಾಯಿಯದ್ದು. ಅದೇ ಗುಂಪು ಒಂದು ರಾತ್ರಿ ಈಜಿದರೆ ಸರ್ಕಾರವೇ ಬೇರೆ, ಕಾನೂನೇ ಬೇರೆ. ಈಗ ಎರಡೂ ಜಿಲ್ಲೆ ಒಂದೇ ರಾಜ್ಯದಲ್ಲಿವೆ. ಕೇರಳ, ಗೋವಾ ಗಡಿಗಳಲ್ಲಿ ಮಾತ್ರ ಅದೇ ಗೋಳು. ದಡದಿಂದ 12 ನಾಟಿಕಲ್ ಮೈಲಿ ಆಯಾ ರಾಜ್ಯದ್ದು, ಆಚೆಗೆ 200ರವರೆಗೆ ಕೇಂದ್ರದ್ದು.

ಭಟ್ಕಳದಲ್ಲಿ ಮಳೆ. ಏನೂ ಕೆಲಸ ಆಗಲಿಲ್ಲ.

ಐದನೇ ದಿನ: ತದಡಿ

ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ಚಹಾಕ್ಕೂ ನಿಲ್ಲದೆ ತದಡಿಗೆ ಬಂದೆವು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತು, ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಚಿಪ್ಪಿ ಆಯುತ್ತಿದ್ದರು. ನಮ್ಮ ಯೋಜನೆಯಲ್ಲಿ ಚಿಪ್ಪಿ ಇಲ್ಲ. ಇದ್ದಿದ್ದರೆ ನಾನು ಇಲ್ಲೇ ಉಳಿಯುತ್ತಿದ್ದೆ.

ಬೀಡುಬಲೆಯ (ಮೀನು ಕಿವಿರು ಸಿಕ್ಕಿಸಿಕೊಳ್ಳುವ ಬಲೆ) ದೋಣಿಗಳಿಂದ ಬಂಗಡೆ ಕೊಂಡೆವು. ಬಂಗುಡೆಗೆ ಈ ಕಡೆ ಹಾಗೆ ಅನ್ನುತ್ತಾರೆ. ಲಾಡ್ಜಿನ ಮೇಜಿನ ಮೇಲೆ ಪೇಪರ್ ಹಾಸಿ ಕೂತೆವು. ಇಲ್ಲಿ ಗದಗದ ಹುಡುಗನ ಕೈ ನೋಡಬೇಕು. ತಲೆಯನ್ನು ಹಿಂದಿನಿಂದ ಓರೆಯಾಗಿ ಕತ್ತರಿಸಿ, ಮಿದುಳನ್ನು ಸರಿಸಿ, ಚಿಮಟದಿಂದ ಎರಡು ಬಿಳಿ ಕಲ್ಲು ಎತ್ತುತ್ತಾನೆ. ಕಿವಿಯ ಕಲ್ಲು, ಅಕ್ಕಿ ನುಚ್ಚಿನಷ್ಟು. ಮೀನು ಬೆಳೆದಂತೆ ಅದರಲ್ಲಿ ಉಂಗುರ ಕೂಡುತ್ತಾ ಹೋಗುತ್ತದೆ. ಮರಿಯಲ್ಲಿ ದಿನಕ್ಕೊಂದು. ಉಜ್ಜಿ ತೆಳುವಾಗಿಸಿ ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ಹುಟ್ಟಿದ ವಾರ ತಿಳಿಯುತ್ತದೆ. ಒರೆಸಿ, ಒಣಗಿಸಿ, ಸಣ್ಣ ಸೀಸೆಗೆ ಹಾಕಿ, ಮೀನಿನ ನಂಬರ್ ಬರೆದ. ಒಂದು ಕಲ್ಲೂ ಒಡೆಯಲಿಲ್ಲ.

ಹುಡುಗಿ ಅಂಡಾಶಯ ನೋಡಿ ಹಂತ ಹೇಳುತ್ತಾ ಹೋದಳು. ಹೆಚ್ಚಿನವು ಮೊಟ್ಟೆ ಇಟ್ಟು ಮುಗಿಸಿ ಸುಕ್ಕಾದವು. ರಾತ್ರಿ ಲಾಡ್ಜಿನವರು ವಾಸನೆ ಅಂತ ಗಲಾಟೆ ಮಾಡಿದರು. ಕತ್ತರಿಸಿದ ಮೀನು ಅಡುಗೆಮನೆಗೆ ಕೊಟ್ಟೆವು. ಜುಮ್ಮನಕಾಯಿ ಹಾಕಿದ ಸಾರಾಗಿ ವಾಪಸ್ ಬಂತು, ಗಲಾಟೆಯೂ ಮುಗಿಯಿತು.

ಆರನೇ ದಿನ: ಕಾರವಾರ, ಮಾಜಾಳಿ

ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಬೆಳಗಿನ ಮಾದರಿ ಮುಗಿಸಿ ಗೋವಾ ಗಡಿಯ ಮಾಜಾಳಿಗೆ ಹೋದೆವು. ದಡದಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು. ದೋಣಿ ಅರ್ಧ ಸುತ್ತು ಹಾಕಿ ಬಲೆ ಬಿಟ್ಟು ಬರುತ್ತದೆ, ಎರಡು ತುದಿಯನ್ನು ದಡದ ಜನ ಎಳೆಯುತ್ತಾರೆ. ಇದರ ದೊಡ್ಡಣ್ಣ ರಂಪಣಿ, ನೂರರ ಹತ್ತಿರ ಜನ ಬೇಕಿದ್ದ ಬಲೆ. 1970ರ ದಶಕದ ಕೊನೆಗೆ ಪರ್ಸಿನ್ ಬೋಟು ಬಂದವು. ದಡಕ್ಕೆ ಬರುವ ಬಂಗಡೆಯನ್ನು ಕಡಲಿನಲ್ಲೇ ಹಿಡಿದವು. ರಂಪಣಿ ಮೂಲೆಗೆ ಬಿತ್ತು.

ಹಗ್ಗ ಹಿಡಿದಿದ್ದ ಹರಿಕಂತ್ರ ಅಜ್ಜ ನನ್ನ ಕೈಗೂ ಹಗ್ಗ ಕೊಟ್ಟು, "ಎಳೀರಿ ಮಾಸ್ತರೆ, ಬರೆಯೂದು ಆಮೇಲೆ" ಅಂದ. ಎಳೆದೆ. ಬಲೆಯಲ್ಲಿ ಸಣ್ಣ ಬಂಗಡೆ, ತಾರ್ಲೆ (ಬೂತಾಯಿಗೆ ಇಲ್ಲಿನ ಹೆಸರು), ಇನ್ನೂ ಏನೇನೋ. ಅಜ್ಜನ ಕಾಲದಲ್ಲೇ, 1960ರ ದಶಕದ ಕೊನೆಯಲ್ಲಿ, ಪಶ್ಚಿಮ ಕರಾವಳಿಯಲ್ಲಿ ತಾರ್ಲೆ, ಬಂಗಡೆಗಳಿಗೆ ಗುರುತಿನ ಬಿಲ್ಲೆ ಹಾಕಿ ಬಿಟ್ಟು ನೋಡಿದ್ದರು. ತಾರ್ಲೆ ಕೈ ತಾಗಿದರೆ ಹುರುಪೆ ಉದುರಿಸಿ ಸಾಯುವ ಜಾತಿ, ಬಿಲ್ಲೆ ಹೊತ್ತು ಈಜುವಂಥದ್ದಲ್ಲ. ಅದಕ್ಕೇ ನಾವು ಉದ್ದ, ತಾರೀಖು, ಹಿಡಿದ ಜಾಗ ಜೋಡಿಸಿ ದಾರಿ ಊಹಿಸಬೇಕು.

ಬಲೆಯ ಮೀನು ಮರಳಿನ ಮೇಲೇ ಪಾಲಾಯಿತು. ಎಳೆದವರಿಗೊಂದು ಪಾಲು, ಬಲೆಯವರಿಗೊಂದು. ನನಗೂ ನಾಲ್ಕು ಬಂಗಡೆ ಬಂತು. ಅರ್ಧ ಬುಟ್ಟಿ ಮನೆಗಳಿಗೆ ಹೋಯಿತು, ಉಳಿದದ್ದು ಸ್ಕೂಟರಿನಲ್ಲಿ ಪೋಳೆ ದಾಟಿ ಗೋವಾಕ್ಕೆ. ಯಾವ ಬಂದರಿನ ಹಾಳೆಯಲ್ಲೂ ಈ ಮೀನು ಇಲ್ಲ.

ಕಾರವಾರದ ಹೋಟೆಲೊಂದರಲ್ಲಿ ಕೂತು ಹಾಳೆ ತಿದ್ದಿದೆವು. ಹಿಡಿದ ಜಾಗಕ್ಕೆ ಅಕ್ಷಾಂಶ, ರೇಖಾಂಶ. ತಾಂಡೇಲರು ಕೊಡದಿದ್ದರೆ ಎಷ್ಟು ಗಂಟೆ ಓಡಿದರು, ಯಾವ ದಿಕ್ಕು. ಫಿಶ್‌ಮೀಲ್ ಲಾರಿಗೆ ಬೇರೆ ಹಾಳೆ. ದಡದ ಬಲೆಗೆ ವಾರಕ್ಕೆರಡು ಬೆಳಗ್ಗೆ. ಹುಡುಗಿ ಲೆಕ್ಕ ಹಾಕಿ, "ಸರ್, ಮಲ್ಪೆಗೆ ಇನ್ನೊಬ್ಬರು ಬೇಕು. ಏಲಂ, ಲಾರಿ ಎರಡನ್ನೂ ಒಬ್ಬರು ನೋಡ್ಲಿಕ್ಕೆ ಆಗಲ್ಲ" ಅಂದಳು. ಬಜೆಟ್ಟಿನಲ್ಲಿ ಅದಕ್ಕೆ ಜಾಗ ಇಲ್ಲ. ಜೀಪಿನ ಡೀಸೆಲ್ ಖರ್ಚಿನಿಂದ ಕಡಿದು ಕೊಡುತ್ತೇನೆ ಅಂದೆ. ಹುಡುಗ ನಕ್ಕ. ಮುಂದಿನ ಸಲ ನಾನು ಬಸ್ಸಿನಲ್ಲಿ ಬರಬೇಕು.